ಅನುಪದೀನಾ: ಕಠಿನ ಪಾದರಕ್ಷೆಯೂ ವಿಷಮಪಾದವೂ

ಸಂಸ್ಕೃತದಲ್ಲಿ ‘ಅನುಪದೀನಾ’ ಎಂದೊಂದು ಶಬ್ದವುಂಟು. ಅಮರಕೋಶದ ದ್ವಿತೀಯಕಾಂಡದ ಶೂದ್ರವರ್ಗವನ್ನು ಕಂಠಪಾಠಮಾಡಿದವರು ಇದನ್ನು ಬಾಲ್ಯದಲ್ಲಿಯೇ ಬಲ್ಲರು; ಪಾಠಶಾಲೆಯನ್ನು ಬಿಟ್ಟ ಮೇಲೆ ಇದನ್ನು ಪ್ರಯೋಗಿಸಿದವರು ಮಾತ್ರ ವಿರಳ. ಪಾದವನ್ನು ಅನುಸರಿಸಿ ಕಟ್ಟಿದ ಪಾದರಕ್ಷೆಯೆಂಬುದು ಇದರ ಅರ್ಥ. ಈ ‘ಅನುಸರಣ’ವೆಂದರೇನು, ಪಾದದ ಯಾವ ಅಂಶವನ್ನು ಪಾದರಕ್ಷೆಯು ಅನುಸರಿಸಬೇಕು, ಎಂಬ ಪ್ರಶ್ನೆಯು ಮೇಲುನೋಟಕ್ಕೆ ಕೋಶಕಾರರ ಸೂಕ್ಷ್ಮಚರ್ಚೆಯಂತೆ ತೋರಬಹುದು. ಆದರೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲು, ಸಂಡೂರು ಪ್ರಾಂತಗಳಲ್ಲಿ ಉಕ್ಕಿನ ಮೂತಿಯ ಬೂಟನ್ನು ತೊಟ್ಟು ದಿನವೊಂದಕ್ಕೆ ಎಂಟು ಗಂಟೆ ನಿಂತು ದುಡಿಯುವ ಜನರ ಕಾಲಿನ ಸುಖದುಃಖಗಳು ಈ ಅರ್ಥನಿರ್ಣಯವನ್ನೇ ಅವಲಂಬಿಸಿರುವುವು. ಅದನ್ನು ಯಥಾಮತಿ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

೧. ಶಬ್ದವಿಚಾರ

‘ಉಪಾನಹ್’ ಎಂಬುದು ಬಂಧನಾರ್ಥಕವಾದ ‘ನಹ್’ ಧಾತುವಿನಿಂದಾದ ಶಬ್ದ. ಕಾಲಿಗೆ ಕಟ್ಟಿಕೊಳ್ಳುವಂಥದು ಎಂದರ್ಥ. ಪಾಣಿನಿಯು ಐದನೆಯ ಅಧ್ಯಾಯದ ಎರಡನೆಯ ಪಾದದ ಒಂಬತ್ತನೆಯ ಸೂತ್ರದಲ್ಲಿ ‘ಅನುಪದ’ ಶಬ್ದದ ಮೇಲೆ ‘ಕಟ್ಟಲ್ಪಟ್ಟದ್ದು’ ಎಂಬರ್ಥದಲ್ಲಿ ಪ್ರತ್ಯಯವನ್ನು ವಿಧಿಸಿ ‘ಅನುಪದೀನಾ’ ರೂಪವನ್ನು ಸಾಧಿಸುವನು. ಕಾಶಿಕಾಕಾರರು ಇದನ್ನು ‘ಪದಪ್ರಮಾಣಾ’ ಎಂದು ವಿವರಿಸಿದರು. ಅಮರಸಿಂಹನು ‘ಪದಾಯತಾ’ ಎಂದನು. ಎರಡು ವಿವರಣೆಗಳೂ ಒಂದೇ ಎಂದು ಸಾಮಾನ್ಯವಾಗಿ ಗ್ರಹಿಸುವುದುಂಟು. ಸೂಕ್ಷ್ಮವಾಗಿ ವಿಚಾರಿಸಿದರೆ ಹಾಗಲ್ಲ. ಆಯಾಮವೆಂದರೆ ಉದ್ದ, ಪ್ರಮಾಣವೆಂದರೆ ಅಳತೆ, ಅದರಲ್ಲಿ ಉದ್ದ, ಅಗಲ, ಸುತ್ತು, ಎತ್ತರಗಳೆಲ್ಲವೂ ಅಡಗಿವೆ. ‘ಅನು’ ಎಂಬ ಅವ್ಯಯಕ್ಕೂ ವೈಯಾಕರಣರ ಮತದಲ್ಲಿ ಆಯಾಮವೂ ಸಾದೃಶ್ಯವೂ ಅರ್ಥಗಳಾಗಿವೆ. ಆಯಾಮಾರ್ಥವನ್ನು ಹಿಡಿದರೆ ಕಾಲಿನಷ್ಟೇ ಉದ್ದವಾದದ್ದು ಅನುಪದೀನಾ; ಸಾದೃಶ್ಯಾರ್ಥವನ್ನು ಹಿಡಿದರೆ ಕಾಲಿನಂತೆಯೇ ಇರುವುದು ಅನುಪದೀನಾ. ಈ ಎರಡನೆಯ ಅರ್ಥವೇ ಗ್ರಾಹ್ಯವೆಂದು ಮುಂದೆ ತೋರಿಸಲಾಗುವುದು.

ಕನ್ನಡದಲ್ಲಿ ಪಾದರಕ್ಷಾವಾಚಕ ಶಬ್ದಗಳಿಗೆ ಕೊರತೆಯಿಲ್ಲ. ‘ಪಾದುಕಾ’ ಶಬ್ದವು ಪಕಾರವು ಹಕಾರವಾಗಿ ‘ಹಾವುಗೆ’ಯಾಯಿತು, ತೊಗಲಿನಿಂದ ಮಾಡಿದ್ದು ‘ಚಮ್ಮಾವುಗೆ’. ‘ಕೆರ’, ‘ಕೆರ್ಪು’ಗಳು ದೇಶ್ಯಗಳು, ತಮಿಳಿನ ‘ಚೆರುಪ್ಪು’, ತೆಲುಗಿನ ‘ಚೆಪ್ಪು’ಗಳಲ್ಲಿ ಚಕಾರವಾಗಿ ಮಾರ್ಪಟ್ಟ ಮೂಲದ ಕಕಾರವನ್ನು ಕನ್ನಡವು ಉಳಿಸಿಕೊಂಡಿದೆ. ‘ಮೆಟ್ಟು’ ಎಂಬುದು ಕ್ರಿಯಾಪದವೂ ಹೌದು, ನಾಮಪದವೂ ಹೌದು. ‘ಜೋಡು’ ಎಂಬಲ್ಲಿ ಎರಡೆಂಬ ಸಂಖ್ಯೆಯೇ ವಸ್ತುವಿನ ಹೆಸರಾಗಿದೆ. ಇಷ್ಟು ಹೆಸರುಗಳಿದ್ದರೂ, ಕಾಲಿಗೂ ಮೆಟ್ಟಿಗೂ ಇರುವ ಹೊಂದಿಕೆಯ ತಾರತಮ್ಯಗಳನ್ನು ಹೇಳುವ ಶಬ್ದಗಳು ನಮ್ಮ ಗ್ರಂಥಗಳಲ್ಲಿ ಅಷ್ಟಾಗಿ ಕಾಣಬರುವುದಿಲ್ಲ. ಕಾರಣವು ಊಹಿಸಲಶಕ್ಯವೇನೂ ಅಲ್ಲ. ಶಬ್ದವು ಪಂಡಿತರ ಬಳಿಯಲ್ಲಿತ್ತು. ಪಾದದ ಜ್ಞಾನವು ಚರ್ಮಕಾರರ ಕೈಯಲ್ಲಿತ್ತು. ಇಬ್ಬರೂ ಒಂದೆಡೆ ಕುಳಿತು ಮಾತನಾಡಿದ ಕಾಲವು ಅಪೂರ್ವ. ಹನ್ನೆರಡನೆಯ ಶತಮಾನದ ಶರಣರ ಕಾಲವು ಅಂಥ ಅಪೂರ್ವಕಾಲಗಳಲ್ಲೊಂದು. ಮಾದಾರ ಚೆನ್ನಯ್ಯನ ಅಂಕಿತದಲ್ಲಿಯೇ ಉಳಿ, ಕತ್ತಿ, ಅಡಿಗೂಂಟಗಳೆಂಬ ಕಸಬಿನ ಉಪಕರಣಗಳು ಬಂದಿವೆ. ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆಯನ್ನು ಮಾಡಿದರೆಂಬ ಐತಿಹ್ಯವನ್ನು ಪಾಠಹೇಳದ ಅಧ್ಯಾಪಕರಿಲ್ಲ. ಆ ಕಥೆಯಲ್ಲಿ ನಾವು ಭಕ್ತಿಯನ್ನು ವ್ಯಾಖ್ಯಾನಿಸುವೆವು. ಅದರ ಹಿಂದಿರುವ ಕೈಕಸುಬಿನ ಜ್ಞಾನವನ್ನು ಕೇಳುವುದಿಲ್ಲ.

೨. ತೆರೆದ ಮೆಟ್ಟು, ಮುಚ್ಚಿದ ಬೂಟು

ತೋರಣಗಲ್ಲಿಗೆ ಸಮೀಪದ ಹಂಪೆಗೆ ಸುಮಾರು ೧೫೨೦ರಲ್ಲಿ ಬಂದಿದ್ದ ಪೋರ್ತುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು ಅಲ್ಲಿಯ ಜನರ ಕಾಲನ್ನೂ ಗಮನಿಸಿದ್ದನು. ಬಹುಜನರು ಬರಿಗಾಲಿನವರೆಂದೂ, ಕೆಲವರ ಪಾದರಕ್ಷೆಗಳು ಚೂಪಾದ ತುದಿಯುಳ್ಳವೆಂದೂ, ಮತ್ತೆ ಕೆಲವು ಕೇವಲ ಅಟ್ಟೆಯೂ ಮೇಲೆ ಪಟ್ಟಿಗಳೂ ಉಳ್ಳವಾಗಿ ಪ್ರಾಚೀನ ರೋಮನರವುಗಳಂತಿದ್ದುವೆಂದೂ ಬರೆದಿರುವನು. ಈ ಪಟ್ಟಿಯ ಮೆಟ್ಟಿನ ಗುಣವು ವಿಚಾರಾರ್ಹವಾಗಿದೆ. ಅದು ಪಾದವನ್ನು ಎರಡು ಮೂರು ಕಡೆಗಳಲ್ಲಿ ಮಾತ್ರ ಹಿಡಿಯುವುದು. ಮಿಕ್ಕ ಭಾಗವು ತನ್ನ ಇಚ್ಛೆಯಂತೆ ಹರಡಿಕೊಳ್ಳುವುದು. ಬಳಸಿದಂತೆ ತೊಗಲು ಕಾಲಿನ ಆಕಾರವನ್ನು ತಾಳುವುದು. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಇಂದಿಗೂ ಕೈಯಿಂದ ತಯಾರಾಗುವ ಚಪ್ಪಲಿಗಳೂ ಇದೇ ಜಾತಿಗೆ ಸೇರಿದವು. ಇಂಥ ಮೆಟ್ಟಿನಲ್ಲಿ ಅಳತೆಯ ಅಲ್ಪದೋಷವು ದೋಷವಾಗಿ ತೋರುವುದಿಲ್ಲ.

ಗಣಿಯೂ ಕುಲುಮೆಯೂ ಬಂದ ಮೇಲೆ ಸನ್ನಿವೇಶವು ಬದಲಾಯಿತು. ೧೯೭೧ರಲ್ಲಿ ತೋರಣಗಲ್ಲಿನ ಬಳಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಂದಿರಾ ಗಾಂಧಿಯವರು ಅಡಿಗಲ್ಲನ್ನಿಟ್ಟರು. ಕಾರ್ಖಾನೆಯು ಖಾಸಗಿ ಒಡೆತನದಲ್ಲಿ ಕೈಗೂಡಿದ್ದು ೧೯೯೦ರ ದಶಕದಲ್ಲಿ. ಸಂಡೂರಿನ ದೋಣಿಮಲೆಯ ಕಬ್ಬಿಣದ ಗಣಿಯು ೧೯೭೭ರಲ್ಲಿ ಆರಂಭವಾಯಿತು. ೧೯೬೧ರ ಲೋಹಗಣಿಗಳ ನಿಯಮಾವಳಿಯಂತೆ ಗಣಿಯಲ್ಲಿ ರಕ್ಷಕ ಪಾದರಕ್ಷೆಯು ಕಡ್ಡಾಯವಾದದ್ದು. ಕಾರ್ಖಾನೆಗಳ ‘ಸೇಫ್ಟಿ ಬೂಟಿ’ಗೆ ಭಾರತೀಯ ಮಾನಕ ಸಂಸ್ಥೆಯು ೧೫೨೯೮ನೆಯ ಸಂಖ್ಯೆಯ ಮಾನಕವನ್ನು ಗೊತ್ತುಪಡಿಸಿದೆ. ಅದರಂತೆ ಬೂಟಿನ ಮೂತಿಯೊಳಗಿನ ಟೋಪಿಯು ೨೦೦ ಜೂಲ್ ಶಕ್ತಿಯ ಹೊಡೆತವನ್ನು ತಾಳಬೇಕು. ಎಂದರೆ ೨೦ ಕಿಲೋಗ್ರಾಂ ತೂಕದ ವಸ್ತುವು ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದರೂ ಬೆರಳುಗಳು ಉಳಿಯಬೇಕು. ಇಂಥ ಬೂಟಿನ ಉಪಕಾರವು ನಿರ್ವಿವಾದ. ಆದರೆ ಯಾವ ಕಾಠಿನ್ಯವು ಬೀಳುವ ಕಬ್ಬಿಣವನ್ನು ತಡೆಯುವುದೋ ಅದೇ ಕಾಠಿನ್ಯವು ಒಳಗಿರುವ ಕಾಲಿಗೂ ಎಡೆಗೊಡದು. ತೊಗಲು ಹಿಗ್ಗೀತು, ಉಕ್ಕು ಹಿಗ್ಗದು.

ಕಾಶ್ಮೀರದ ಗುಲ್ಮಾರ್ಗ, ಉತ್ತರಾಖಂಡದ ಔಲಿಗಳಲ್ಲಿ ಹಿಮದ ಮೇಲೆ ಜಾರುವ ಕ್ರೀಡೆಗೆ ತೊಡುವ ಬೂಟು ಇದಕ್ಕಿಂತಲೂ ಕಠಿನ. ಅದರ ಹೊರಚಿಪ್ಪು ಗಟ್ಟಿಯಾದ ಪ್ಲಾಸ್ಟಿಕ್ಕು, ಒಳಗೆ ಮೆತ್ತನೆಯ ಬೇರೊಂದು ಒಳಬೂಟು. ಅದನ್ನು ಹೊಂದಿಸುವ ಕುಶಲರು ಮೊದಲು ಒಳಬೂಟನ್ನು ತೆಗೆದು, ಬರಿಯ ಚಿಪ್ಪಿನಲ್ಲಿ ಕಾಲನ್ನಿಡಿಸಿ, ಬೆರಳುಗಳು ಮುಂದೆ ಸೋಕುವಂತೆ ನಿಲ್ಲಿಸಿ, ಹಿಮ್ಮಡಿಯ ಹಿಂದೆ ಒಂದೆರಡು ಬೆರಳಿನಷ್ಟು ಎಡೆಯುಳಿಯುವುದೇ ಎಂದು ನೋಡುವರು. ಒತ್ತುವ ಸ್ಥಳವನ್ನು ಗುರುತಿಸಿ, ಚಿಪ್ಪನ್ನು ಅಲ್ಲಿ ಮಾತ್ರ ಕಾಯಿಸಿ ಹೊರಕ್ಕೆ ಉಬ್ಬಿಸುವರು. ಕಠಿನವಾದುದನ್ನು ಕಾಲಿಗೆ ಬಾಗಿಸಬೇಕೇ ಹೊರತು ಕಾಲನ್ನು ಅದಕ್ಕೆ ಬಾಗಿಸಬಾರದೆಂಬ ನಿಯಮವು ಅಲ್ಲಿ ಸರ್ವಮಾನ್ಯ. ಕ್ರೀಡೆಗಾಗಿ ಪಾಲಿಸುವ ಈ ನಿಯಮವನ್ನು ಜೀವನೋಪಾಯದ ಬೂಟಿಗೆ ಪಾಲಿಸಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೩. ಪಾದಭೇದಗಳು

ಬೂಟು ಹಿಡಿಸದ ಕಾಲು ದೋಷಯುಕ್ತವಾದ ಕಾಲೆಂದು ಭಾವಿಸಲಾಗದು. ಬಾಲ್ಯದಿಂದ ಹೊಲಗದ್ದೆಗಳಲ್ಲಿ ಬರಿಗಾಲಿನಿಂದ ನಡೆದವರ ಮುಂಗಾಲು ಅಗಲವಾಗಿಯೂ ಬೆರಳುಗಳು ಬಿಡಿಬಿಡಿಯಾಗಿಯೂ ಇರುವುದು ಸಹಜ. ದಕ್ಷಿಣಭಾರತದ ಬರಿಗಾಲಿನವರನ್ನು ಪರೀಕ್ಷಿಸಿ ೨೦೦೯ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ, ಅವರ ಪಾದಗಳು ಬೂಟು ತೊಡುವವರವಕ್ಕಿಂತ ಅಗಲವೆಂದೂ, ನಡೆಯುವಾಗ ದೇಹದ ಭಾರವು ಅವುಗಳಲ್ಲಿ ಹೆಚ್ಚು ಸಮವಾಗಿ ಹಂಚಿಹೋಗುವುದೆಂದೂ ಕಂಡುಬಂದಿತು. ಇದಕ್ಕೂ ಪೂರ್ವದಲ್ಲಿ, ೧೯೯೨ರಲ್ಲಿ, ಮಣಿಪಾಲದ ಕಸ್ತೂರಬಾ ವೈದ್ಯಕಾಲೇಜಿನ ರಾವ್ ಮತ್ತು ಜೋಸೆಫ್ ಎಂಬ ವೈದ್ಯರು ೪ರಿಂದ ೧೩ ವರ್ಷದ ೨೩೦೦ ಮಕ್ಕಳ ಹೆಜ್ಜೆಯಚ್ಚುಗಳನ್ನು ಪರಿಶೀಲಿಸಿದ್ದರು. ಪಾದರಕ್ಷೆ ತೊಡುವ ಮಕ್ಕಳಲ್ಲಿ ನೂರಕ್ಕೆ ೮.೬ರಷ್ಟು, ತೊಡದ ಮಕ್ಕಳಲ್ಲಿ ನೂರಕ್ಕೆ ೨.೮ರಷ್ಟು ಚಪ್ಪಟೆ ಪಾದಗಳು ಅವರಿಗೆ ಕಂಡುಬಂದುವು. ಮುಂಭಾಗವು ಮುಚ್ಚಿದ ಬೂಟುಗಳನ್ನು ತೊಡುವವರಲ್ಲಿ ಇದು ಅಧಿಕವಾಗಿತ್ತು. ಆದುದರಿಂದ ಅಗಲವಾದ ಹಳ್ಳಿಗಾಲು ವಿಕಾರವಲ್ಲ. ಅನೇಕಾಂಶಗಳಲ್ಲಿ ಅದೇ ಪ್ರಕೃತಿ.

ಈ ಸಹಜಭೇದದ ಜತೆಗೆ ಬೇರೆ ವಿಷಮತೆಗಳೂ ಉಂಟು. ಅಂಗಾಲಿನ ಕಮಾನು ಕುಸಿದು ನೆಲಕ್ಕೆ ತಾಗುವುದು ಒಂದು. ಕಮಾನು ಅತಿಯಾಗಿ ಏರಿ ಪಾದದ ಮೇಲ್ಭಾಗವು ಉಬ್ಬಿರುವುದು ಮತ್ತೊಂದು. ಹೆಬ್ಬೆರಳು ಇತರ ಬೆರಳುಗಳ ಕಡೆಗೆ ವಾಲಿ ಅದರ ಬುಡದ ಕೀಲು ಹೊರಕ್ಕೆ ಚಾಚುವುದು ಇನ್ನೊಂದು. ಎರಡು ಕಾಲುಗಳೂ ಸಮವಾಗಿರುವ ಮನುಷ್ಯರು ಕಡಮೆ. ಹಿಮ್ಮಡಿ ಕಿರಿದು, ಮುಂಗಾಲು ಅಗಲ, ಎಂಬ ಕಾಲಿಗೆ ಬೂಟನ್ನು ಹೊಂದಿಸುವುದು ಎಲ್ಲಕ್ಕಿಂತ ಕಷ್ಟ. ಮುಂದೆ ಸರಿಯಾದರೆ ಹಿಂದೆ ಜಾರುವುದು, ಹಿಂದೆ ಸರಿಯಾದರೆ ಮುಂದೆ ಹಿಸುಕುವುದು.

ಪ್ರಾಚೀನರು ಇವನ್ನು ಗಮನಿಸದೆ ಇರಲಿಲ್ಲ. ವಿನಯಪಿಟಕದ ಮಹಾವಗ್ಗದಲ್ಲಿ ಸೋಣ ಕೋಳಿವಿಸನೆಂಬ ಸುಕುಮಾರನ ವೃತ್ತಾಂತವಿದೆ. ಅವನು ಚಂಕ್ರಮಣಮಾಡಿದ ದಾರಿಯು ರಕ್ತಸಿಕ್ತವಾದುದನ್ನು ಕಂಡು ಬುದ್ಧನು ಭಿಕ್ಷುಗಳಿಗೆ ಒಂದೇ ಪದರದ ಪಾದರಕ್ಷೆಯನ್ನು ಅನುಮತಿಸಿದನು. ಒಬ್ಬನ ಪಾದವನ್ನು ನೋಡಿ ಸಂಘದ ನಿಯಮವನ್ನೇ ಸಡಿಲಿಸಿದ ನಿದರ್ಶನವಿದು. ಸುಶ್ರುತನು ಕ್ಷುದ್ರರೋಗಗಳ ಪ್ರಕರಣದಲ್ಲಿ ‘ಕದರ’ವೆಂಬುದನ್ನು ವರ್ಣಿಸುತ್ತ, ಹರಳು ಮುಳ್ಳುಗಳಿಂದ ನೊಂದ ಪಾದದಲ್ಲಿ ಏಳುವ, ಕೀಲದಂತೆ ಕಠಿನವಾದ ಗಂಟೆಂದು ಲಕ್ಷಣವನ್ನು ಹೇಳುವನು. ಕೀಲವೆಂದರೆ ಮೊಳೆ, ಆಣಿ. ಕನ್ನಡದಲ್ಲಿ ಆ ವ್ಯಾಧಿಗೆ ‘ಆಣಿ’ಯೆಂದೇ ಹೆಸರು. ಸಂಸ್ಕೃತದ ಉಪಮೆಯೇ ಕನ್ನಡದಲ್ಲಿ ನಾಮವಾಗಿ ನಿಂತಿದೆ. ಬೂಟು ಒಂದೇ ಸ್ಥಳದಲ್ಲಿ ದಿನವೂ ಒತ್ತಿದರೆ ಚರ್ಮವು ತನ್ನ ರಕ್ಷಣೆಗಾಗಿ ಗಟ್ಟಿಯಾಗುವುದು, ಗಟ್ಟಿಯಾದಷ್ಟೂ ಒತ್ತಡವು ಹೆಚ್ಚುವುದು, ಕಡೆಗೆ ಆಣಿಯಾಗುವುದು. ಆಣಿಯನ್ನು ಕೊಯ್ಯಿಸಿಕೊಂಡು ಹಳೆಯ ಬೂಟನ್ನೇ ತೊಡುವವನಿಗೆ ಅದು ಮತ್ತೆ ಬೆಳೆಯುವುದರಲ್ಲಿ ಆಶ್ಚರ್ಯವಿಲ್ಲ.

೪. ಅಳತೆಯ ಸ್ವರೂಪ

ಅಂಗಡಿಯವರು ‘ಎಷ್ಟನೆಯ ನಂಬರು?’ ಎಂದು ಕೇಳುವರು. ಈ ನಂಬರಿನ ಮೂಲವು ಒಂದು ಧಾನ್ಯದ ಕಾಳೆಂಬುದು ಬಹುಜನರಿಗೆ ತಿಳಿದಿರಲಾರದು. ಆಂಗ್ಲರು ಬಾರ್ಲಿಯ ಕಾಳಿನ ಉದ್ದವನ್ನು, ಎಂದರೆ ಅಂಗುಲದ ಮೂರನೆಯ ಒಂದು ಭಾಗವನ್ನು, ಒಂದು ನಂಬರೆಂದು ಎಣಿಸಿದರು. ಅದು ಸುಮಾರು ೮.೪೭ ಮಿಲಿಮೀಟರ್. ಫ್ರಾನ್ಸಿನ ಪದ್ಧತಿಯಲ್ಲಿ ಒಂದು ನಂಬರಿಗೆ ೬.೬೭ ಮಿಲಿಮೀಟರ್. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೂ ಅಂಗುಲಕ್ಕೆ ಯವವೇ ಆಧಾರ. ಆದರೆ ಅಲ್ಲಿ ಎಣಿಕೆಗೆ ಬರುವುದು ಯವದ ಮಧ್ಯದ ಅಗಲ, ಎಂಟು ಯವಮಧ್ಯಗಳಿಗೆ ಒಂದು ಅಂಗುಲ. ಅಂತೂ ಬೂಟಿನ ನಂಬರು ಉದ್ದವನ್ನು ಮಾತ್ರ ಹೇಳುವುದು. ಅಮರನ ‘ಪದಾಯತಾ’ ಎಂಬ ಲಕ್ಷಣವೇ ಇಲ್ಲಿ ವ್ಯವಹಾರದಲ್ಲಿರುವುದು.

ಉದ್ದದ ಸಮತ್ವವು ಹೊಂದಿಕೆಯನ್ನು ಸಾಧಿಸಲಾರದೆಂಬುದನ್ನು ಛಂದಸ್ಸಿನ ಉದಾಹರಣೆಯಿಂದ ಸ್ಪಷ್ಟಪಡಿಸಬಹುದು. ಕಂದಪದ್ಯದ ಎರಡನೆಯ ಪಾದಕ್ಕೆ ೨೦ ಮಾತ್ರೆಗಳು. ಆದರೆ ಮಾತ್ರೆಗಳನ್ನು ಕೂಡಿಸಿ ೨೦ ಆಯಿತೆಂದ ಮಾತ್ರಕ್ಕೆ ಕಂದವಾಗದು. ಆರನೆಯ ಗಣವು ಜಗಣವೋ ಸರ್ವಲಘುವೋ ಆಗಿರಬೇಕು. ವಿಷಮಸ್ಥಾನಗಳಲ್ಲಿ ಜಗಣವು ಬರಬಾರದು. ಮೊತ್ತವು ಸರಿಯಿದ್ದು ಗಣವಿನ್ಯಾಸವು ತಪ್ಪಿದರೆ ಪದ್ಯವು ಕುಂಟುವುದು. ಹಾಗೆಯೇ ಎಂಟನೆಯ ನಂಬರಿನ ಇಬ್ಬರ ಕಾಲುಗಳ ಮೊತ್ತದ ಉದ್ದವು ಒಂದೇ ಆಗಿದ್ದರೂ, ಒಬ್ಬನ ಬೆರಳುಗಳು ನೀಳವಾಗಿದ್ದು ಮುಂಗಾಲಿನ ಕೀಲು ಹಿಂದಿರಬಹುದು. ಮತ್ತೊಬ್ಬನ ಬೆರಳುಗಳು ಮೊಟಕಾಗಿದ್ದು ಕೀಲು ಮುಂದಿರಬಹುದು. ಬೂಟು ಬಾಗುವ ಸ್ಥಳವು ಕಾಲು ಬಾಗುವ ಸ್ಥಳದೊಡನೆ ಕೂಡದಿದ್ದರೆ ಪ್ರತಿಯೊಂದು ಹೆಜ್ಜೆಯಲ್ಲಿಯೂ ಯತಿಭಂಗವೇ.

ಈ ವಿಷಯವನ್ನು ಪಾಶ್ಚಾತ್ಯರೂ ತಡವಾಗಿಯೇ ಅರಿತರು. ಡಚ್ ಅಂಗರಚನಾಶಾಸ್ತ್ರಜ್ಞ ಪೆಟ್ರುಸ್ ಕಾಂಪರನು ೧೭೮೧ರಲ್ಲಿ ಪಾದರಕ್ಷೆಯ ಉತ್ತಮಾಕಾರವನ್ನು ಕುರಿತು ಪ್ರಬಂಧವನ್ನು ಬರೆದಾಗ ಯೂರೋಪಿನಲ್ಲಿ ಎಡಬಲ ಭೇದವಿಲ್ಲದ ಬೂಟುಗಳೇ ರೂಢಿಯಲ್ಲಿದ್ದುವು. ನಮ್ಮ ದೇಶದಲ್ಲಿ ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನ ಸಂಸ್ಥೆಯು ೨೦೨೧ರ ಡಿಸೆಂಬರಿನಿಂದ ೨೦೨೨ರ ಮಾರ್ಚಿವರೆಗೆ ಲಕ್ಷಕ್ಕೂ ಮಿಕ್ಕ ಜನರ ಪಾದಗಳನ್ನು ಅಳೆದು, ಭಾರತೀಯರ ಪಾದಗಳು ಸಾಮಾನ್ಯವಾಗಿ ಹೆಚ್ಚು ಅಗಲವೆಂದು ಕಂಡು, ಈ ದೇಶಕ್ಕೆ ತಕ್ಕ ಅಳತೆಯ ಪದ್ಧತಿಯೊಂದನ್ನು ಸೂಚಿಸಿತು. ಅದಕ್ಕೆ ಭಾರತವೆಂಬುದರ ಮೊದಲಕ್ಷರವಾದ ‘ಭ’ ಎಂದು ಹೆಸರಿಟ್ಟಿರುವುದು ಅಕ್ಷರೋಪಾಸಕರಾದ ನಮಗೆ ಸಂತೋಷದ ಸಂಗತಿ.

೫. ಹೊಂದಿಸುವ ಕ್ರಮ

ಬೂಟನ್ನು ಆರಿಸುವಾಗ ಅನುಸರಿಸತಕ್ಕ ಕ್ರಮವನ್ನು ಸಂಗ್ರಹವಾಗಿ ಹೇಳುವೆವು. ಕಾಲನ್ನು ಬೆಳಗ್ಗೆ ಅಳೆಯದೆ ಕೆಲಸದ ಕೊನೆಯಲ್ಲಿ ಅಳೆಯತಕ್ಕದ್ದು. ಬಳ್ಳಾರಿಯ ಬೇಸಗೆಯಲ್ಲಿ, ಅದರಲ್ಲಿಯೂ ಕುಲುಮೆಯ ಬಳಿ ನಿಂತವರಿಗೆ, ಸಂಜೆಯ ಕಾಲು ಬೆಳಗಿನ ಕಾಲಿಗಿಂತ ದಪ್ಪವಾಗಿರುವುದು. ಕುಳಿತು ಅಳೆಯದೆ ನಿಂತು ಅಳೆಯತಕ್ಕದ್ದು. ದೇಹದ ಭಾರವು ಬಿದ್ದಾಗ ಪಾದವು ಉದ್ದವೂ ಅಗಲವೂ ಆಗುವುದು. ಕೆಲಸದಲ್ಲಿ ಹಾಕಿಕೊಳ್ಳುವ ಕಾಲುಚೀಲವನ್ನೇ ಹಾಕಿಕೊಂಡು ಎರಡು ಕಾಲುಗಳನ್ನೂ ಅಳೆದು, ದೊಡ್ಡದಾದ ಕಾಲಿಗೆ ಬೂಟನ್ನು ಆರಿಸಿ, ಚಿಕ್ಕ ಕಾಲಿನ ಬೂಟಿನೊಳಗೆ ತೆಳುವಾದ ಮತ್ತೊಂದು ಒಳಹಾಸನ್ನು ಇಡತಕ್ಕದ್ದು.

ತೊಟ್ಟ ಮೇಲೆ ಪರೀಕ್ಷೆಗಳು ಮೂರು. ಬೆರಳುಗಳ ಮುಂದೆ, ಉಕ್ಕಿನ ಟೋಪಿಯೊಳಗೆ, ಹೆಬ್ಬೆರಳಿನ ಅಗಲಕ್ಕೆ ಸ್ವಲ್ಪ ಕಡಮೆಯಾಗಿ ಎಡೆಯಿರಬೇಕು. ಇಳಿಜಾರಿನಲ್ಲಿ ಇಳಿದಾಗ ಬೆರಳು ಉಕ್ಕಿಗೆ ಬಡಿಯಬಾರದು. ಟೋಪಿಯ ಹಿಂದಿನ ಅಂಚು, ಮಂಡಿಯೂರಿದಾಗ ಬೆರಳಿನ ಬುಡವನ್ನು ಕೊರೆಯಬಾರದು. ನಡೆಯುವಾಗ ಹಿಮ್ಮಡಿಯು ಬೂಟಿನೊಳಗೆ ಏರಿಳಿಯಬಾರದು. ಇಷ್ಟಾದ ಮೇಲೆ ಅರ್ಧಗಂಟೆಯ ಕಾಲ ತೊಟ್ಟು ನಡೆದು, ಬಿಚ್ಚಿ, ಚರ್ಮವು ಕೆಂಪಾದ ಸ್ಥಳಗಳನ್ನು ನೋಡಿದರೆ ಯಾವ ಅಳತೆಗೋಲೂ ಹೇಳದ ಸತ್ಯವನ್ನು ಆ ಕೆಂಪು ಹೇಳುವುದು.

ಅಗಲವಾದ ಕಾಲಿನವರು ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಒಂದೆರಡು ನಂಬರು ಉದ್ದವಾದ ಬೂಟನ್ನು ಕೊಳ್ಳುವುದು. ಇದು ರೋಗವನ್ನು ಸ್ಥಳಾಂತರಿಸುವ ಉಪಾಯ. ಅಗಲವು ಸಿಕ್ಕೀತು, ಆದರೆ ಬೂಟು ಬಾಗುವ ಸ್ಥಳವು ಮುಂದೆ ಸರಿಯುವುದು, ಹಿಮ್ಮಡಿಯು ಸಡಿಲವಾಗುವುದು, ಜಾರುವ ಕಾಲು ಬೊಬ್ಬೆಯೇಳುವುದು, ಏಣಿಯ ಮೆಟ್ಟಿಲಿನಲ್ಲಿ ಅತಿಯುದ್ದವಾದ ಬೂಟು ಎಡವಿದರೆ ಅಪಾಯವು ಪ್ರಾಣಕ್ಕೇ. ತಕ್ಕ ಪರಿಹಾರವು ಅಗಲವಾದ ಅಚ್ಚಿನ ಮೇಲೆ ಮಾಡಿದ ಅದೇ ನಂಬರಿನ ಬೂಟು. ಕೊಳ್ಳುವವರು ಕೇಳಿದರೆ ತಯಾರಕರು ಅಂಥದನ್ನು ಒದಗಿಸಬಲ್ಲರು. ಉಗ್ರಾಣದ ಪಟ್ಟಿಯಲ್ಲಿ ನಂಬರಿನ ಪಕ್ಕದಲ್ಲಿ ಅಗಲಕ್ಕೂ ಒಂದು ಕಲಮು ಇರಬೇಕಾದುದಷ್ಟೆ.

ಪಾದದ ಮೇಲ್ಭಾಗವು ಉಬ್ಬಿದವರು ಆ ಉಬ್ಬಿನ ಮೇಲೆ ಮಾತ್ರ ಲಾಡಿಯನ್ನು ಅಡ್ಡಹಾಯಿಸದೆ ಪಕ್ಕದಲ್ಲಿಯೇ ಮೇಲಿನ ರಂಧ್ರಕ್ಕೆ ಏರಿಸಿದರೆ ಒತ್ತಡವು ತಗ್ಗುವುದು. ಚಪ್ಪಟೆ ಪಾದದವರಿಗೆ ಕಮಾನಿನ ಕೆಳಗೆ ಆಧಾರವುಳ್ಳ ಒಳಹಾಸು ಹಲವೊಮ್ಮೆ ಸುಖವನ್ನು ಕೊಡುವುದು. ಆದರೆ ಒಳಹಾಸು ದಪ್ಪವಾದಷ್ಟೂ ಬೆರಳುಗಳು ಮೇಲೇರಿ ಟೋಪಿಗೆ ತಾಗುವುದರಿಂದ ಬೂಟನ್ನು ಕೊಳ್ಳುವಾಗಲೇ ಅದನ್ನು ಇಟ್ಟು ನೋಡಬೇಕು. ಹೆಬ್ಬೆರಳಿನ ಕೀಲು ಚಾಚಿದವರಿಗೆ, ಆ ಸ್ಥಳವು ಉಕ್ಕಿನ ಟೋಪಿಯ ಹಿಂದಿದ್ದರೆ, ತೊಗಲನ್ನು ಅಲ್ಲಿ ಮಾತ್ರ ಹಿಗ್ಗಿಸಬಹುದು. ಅನುಭವಿಯಾದ ಸಮಗಾರನು ಮರದ ಅಚ್ಚನ್ನಿಟ್ಟು ಇದನ್ನು ಮಾಡಬಲ್ಲನು. ಟೋಪಿಯಿರುವ ಭಾಗವನ್ನು ಮಾತ್ರ ಯಾರೂ ಕಾಯಿಸಕೂಡದು, ಬಡಿಯಕೂಡದು, ಕೊಯ್ಯಕೂಡದು. ಹಾಗೆ ಮಾಡಿದ ಬೂಟು ಹೆಸರಿಗೆ ಮಾತ್ರ ರಕ್ಷಕ.

೬. ನೋವನ್ನರಿಯದ ಕಾಲು

ಎಲ್ಲಕ್ಕಿಂತ ವಿಷಮವಾದ ಕಾಲೆಂದರೆ ನೋಯದ ಕಾಲು. ಮಧುಮೇಹವು ಬಹುಕಾಲವಿದ್ದವರಲ್ಲಿಯೂ ಕುಷ್ಠದಿಂದ ನರಗಳು ಕೆಟ್ಟವರಲ್ಲಿಯೂ ಅಂಗಾಲಿನ ಸ್ಪರ್ಶಜ್ಞಾನವು ಕುಂದುವುದು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ವೆಲ್ಲೂರಿನಲ್ಲಿ ಸೇವೆಸಲ್ಲಿಸಿದ ವೈದ್ಯ ಪಾಲ್ ಬ್ರಾಂಡರು, ಕುಷ್ಠರೋಗಿಗಳ ಪಾದದ ಹುಣ್ಣುಗಳಿಗೆ ನೋವಿಲ್ಲದಿರುವುದರಿಂದ ಗಮನಕ್ಕೆ ಬಾರದೆ ಹೋದ ಒತ್ತಡವೇ ಮುಖ್ಯಕಾರಣವೆಂದು ಪ್ರತಿಪಾದಿಸಿದರು. ಅಲ್ಲಿ ಬಳಕೆಗೆ ತಂದ, ಸೂಕ್ಷ್ಮರಂಧ್ರಗಳುಳ್ಳ ಮೆತ್ತನೆಯ ರಬ್ಬರಿನ ಚಪ್ಪಲಿಗಳು ಒತ್ತಡವನ್ನು ಒಂದೆಡೆ ನಿಲ್ಲಗೊಡದೆ ಅಂಗಾಲೆಲ್ಲಕ್ಕೂ ಹಂಚಿದುವು. ನೋವೆಂಬುದು ಕಾಲು ಬೂಟಿಗೆ ಹೇಳುವ ಮಾತು. ಆ ಮಾತು ನಿಂತುಹೋದವನ ಪರವಾಗಿ ಕಣ್ಣೇ ಮಾತನಾಡಬೇಕು. ಮಧುಮೇಹವುಳ್ಳ ಕಾರ್ಮಿಕನು ಹೊಸ ಬೂಟನ್ನು ಮೊದಲ ದಿನಗಳಲ್ಲಿ ಒಂದೆರಡು ಗಂಟೆ ಮಾತ್ರ ತೊಟ್ಟು, ಪ್ರತಿಸಲವೂ ಅಂಗಾಲನ್ನು ಬೆಳಕಿನಲ್ಲಿ ನೋಡಿಕೊಳ್ಳುವುದೂ, ತೊಡುವ ಮೊದಲು ಬೂಟಿನೊಳಗೆ ಕೈಯಾಡಿಸಿ ಹರಳು ಮೊಳೆಗಳಿಲ್ಲವೆಂದು ಖಚಿತಮಾಡಿಕೊಳ್ಳುವುದೂ, ವೈದ್ಯನ ಸಲಹೆಯನ್ನು ಪಡೆಯುವುದೂ ಅವಶ್ಯಕರ್ತವ್ಯಗಳು.

ಉಪಸಂಹಾರ

ಚರಕನು ಪಾದತ್ರಧಾರಣದ ಗುಣಗಳನ್ನೆಣಿಸುತ್ತ ‘ಪರಾಕ್ರಮಸುಖ’ವೆಂಬ ಶಬ್ದವನ್ನು ಪ್ರಯೋಗಿಸಿರುವನು. ಇಲ್ಲಿ ಪರಾಕ್ರಮವೆಂದರೆ ಶೌರ್ಯವಲ್ಲ, ಹೆಜ್ಜೆಯನ್ನು ಮುಂದಿಡುವುದು. ಮುಂದಡಿಯಿಡುವುದರಲ್ಲಿ ಸುಖವನ್ನುಂಟುಮಾಡುವುದೇ ಪಾದತ್ರದ ಲಕ್ಷಣವಾದ ಮೇಲೆ, ರಕ್ಷಣೆಯಿದ್ದು ಸುಖವಿಲ್ಲದ ಬೂಟು ಅರ್ಧಲಕ್ಷಣವುಳ್ಳದ್ದು. ಸುಖವಿಲ್ಲದ ಬೂಟನ್ನು ಮನುಷ್ಯನು ಮರೆಯಲ್ಲಿ ಬಿಚ್ಚಿಡುವನು, ಲಾಡಿಯನ್ನು ಸಡಿಲಿಸುವನು, ಹಿಮ್ಮಡಿಯನ್ನು ತುಳಿದು ಚಪ್ಪಲಿಯಂತೆ ಮೆಟ್ಟುವನು. ಹೀಗೆ ಸುಖದೊಡನೆ ರಕ್ಷಣೆಯೂ ಹೋಗುವುದು. ಆದುದರಿಂದ ‘ಅನುಪದೀನಾ’ ಶಬ್ದಕ್ಕೆ ಆಯಾಮಾರ್ಥವನ್ನು ಬಿಟ್ಟು ಸಾದೃಶ್ಯಾರ್ಥವನ್ನೇ ಗ್ರಹಿಸುವುದು ಯುಕ್ತವೆಂದೂ, ಕಾಶಿಕೆಯ ‘ಪದಪ್ರಮಾಣಾ’ ಎಂಬ ವಿವರಣೆಯನ್ನು ಪೂರ್ಣಾರ್ಥದಲ್ಲಿ ತೆಗೆದುಕೊಳ್ಳಬೇಕೆಂದೂ ನಮ್ಮ ಅಭಿಪ್ರಾಯ.

ಇನ್ನು ವಿದ್ವಾಂಸರೂ ಅಧ್ಯಾಪಕರೂ ಮಾಡಬಹುದಾದ ಕೆಲಸವೊಂದುಂಟು. ಅಂಗಾಲು, ಮುಂಗಾಲು, ಹಿಮ್ಮಡಿ, ಉಂಗುಟ, ಹರಡು ಎಂಬ ಅಚ್ಚಗನ್ನಡದ ಅಂಗನಾಮಗಳು ನಮ್ಮಲ್ಲಿ ಜೀವಂತವಾಗಿವೆ. ಸಂಡೂರು, ಹೊಸಪೇಟೆ, ಕಂಪ್ಲಿಗಳ ಸಂತೆಬೀದಿಗಳಲ್ಲಿ ಕುಳಿತು ಮೆಟ್ಟು ಹೊಲಿಯುವವರ ಬಳಿ ಒತ್ತು, ಸಡಿಲು, ಬಿಗಿ, ಉಬ್ಬುಗಳ ತಾರತಮ್ಯವನ್ನು ಹೇಳುವ ಮಾತುಗಳು ಇನ್ನೂ ಇರಬೇಕು. ಕೈಕಸಬು ನಿಂತರೆ ಆ ಮಾತುಗಳೂ ನಿಲ್ಲುವುವು. ಅವನ್ನು ಕೇಳಿ ಬರೆದಿಟ್ಟರೆ ಕೋಶಕ್ಕೊಂದು ಸಂಪತ್ತಾಗುವುದು. ತೋರಣಗಲ್ಲಿನ ಕಾರ್ಮಿಕನಿಗೂ ತನ್ನ ಕಾಲು ಎಲ್ಲಿ ಹೇಗೆ ನೋಯುವುದೆಂದು ಉಗ್ರಾಣದವನಿಗೆ ತಿಳಿಯಹೇಳಲು ತನ್ನದೇ ಆದ ಭಾಷೆಯೊದಗುವುದು. ಹರಳಯ್ಯನ ಕಥೆಯನ್ನು ಪಾಠಹೇಳುವ ದಿನ, ಆ ಚಮ್ಮಾವುಗೆಗೆ ಅವನು ಅಳತೆಯನ್ನು ಹೇಗೆ ತೆಗೆದುಕೊಂಡಿರಬಹುದೆಂದು ವಿದ್ಯಾರ್ಥಿಗಳನ್ನು ಕೇಳುವುದರಿಂದ ಈ ಕಾರ್ಯವನ್ನು ಆರಂಭಿಸಬಹುದು.